ಕೊಕ್ಕೊ ದರ ನಾಲ್ಕು ಪಟ್ಟು ಏರಿದರೂ ಘಾನಾ ಸಾಲದಲ್ಲೇ ಉಳಿದದ್ದೇಕೆ?

2023ರ ಆರಂಭದಲ್ಲಿ ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಇಂದೇ ದರ ಕುದುರಿಸುವ ಮಾರುಕಟ್ಟೆ) ಒಂದು ಟನ್ ಕೊಕ್ಕೊ ಬೀಜಕ್ಕೆ ಸುಮಾರು 2,600 ಡಾಲರ್ ದರವಿತ್ತು. 2024ರ ಮಾರ್ಚ್ ಕೊನೆಗೆ ಅದು 10,000 ಡಾಲರ್ ಮುಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 12,000 ಡಾಲರನ್ನೂ ದಾಟಿ ದಾಖಲೆ ಬರೆಯಿತು. ಪುತ್ತೂರು, ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿಯೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ದರ ಸಿಕ್ಕಿದ್ದು ಆ ದಿನಗಳಲ್ಲೇ. ಇಂಥ ಏರಿಕೆಯಿಂದ ಹೆಚ್ಚು ಲಾಭವಾಗಬೇಕಾದದ್ದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಗೆ, ಏಕೆಂದರೆ ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವೆರಡರದ್ದೇ. ಆದರೆ ದರ ಗಗನಕ್ಕೇರಿದ್ದ ಕಾಲದಲ್ಲಿಯೇ ಘಾನಾದ ಸರ್ಕಾರಿ ಕೊಕ್ಕೊ ಮಂಡಳಿ ಭಾರೀ ನಷ್ಟಕ್ಕೆ ಸಿಲುಕಿತು, ಅಲ್ಲಿನ ರೈತನ ಕೈಗೆ ಬಂದದ್ದು ಜಾಗತಿಕ ದರದ ಕಾಲು ಭಾಗ. ಇನ್ನು ದರ ಕುಸಿಯತೊಡಗಿ 2026ರ ಆರಂಭಕ್ಕೆ 5,000 ಡಾಲರಿಗಿಂತ ಕೆಳಗೆ ಬಂದಾಗ, ಆ ಕುಸಿತ ಮಾತ್ರ ತಡವಿಲ್ಲದೆ ತೋಟದವರೆಗೂ ತಲುಪಿತು.

ಬೆಲೆ ಏರಿದಾಗ ಬಡವನಾಗಿಯೇ ಉಳಿಯುವ ಬೆಳೆಗಾರ, ಬೆಲೆ ಇಳಿದಾಗ ಇನ್ನಷ್ಟು ಬಡವನಾಗುವುದು ಹೇಗೆ? ಈ ಒಂದು ಬೆಳೆಯ ಲೆಕ್ಕವನ್ನು ಬಿಡಿಸಿ ನೋಡಿದರೆ ದೇಶ ದೇಶಗಳ ನಡುವಿನ ಅಸಮಾನತೆಯ ಬಗ್ಗೆ ಸಾಮಾನ್ಯವಾಗಿ ನಡೆಯುವ ಚರ್ಚೆಯಲ್ಲಿ ಏನು ತಪ್ಪಿಹೋಗುತ್ತದೆ ಎಂಬುದೂ ಕಾಣುತ್ತದೆ.

ಒಂದು ಮೂಟೆಯ ಲೆಕ್ಕ

ಘಾನಾದಲ್ಲಿ ಸುಮಾರು 8 ಲಕ್ಷ ರೈತ ಕುಟುಂಬಗಳು ಕೊಕ್ಕೊ ಬೆಳೆಯುತ್ತವೆ. ಹೆಚ್ಚಿನವು ಕೆಲವೇ ಎಕರೆಯ ಹಿಡುವಳಿಗಳು. ಕಾಯಿ ಒಡೆದು, ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ಐದಾರು ದಿನ ಹುದುಗಿಸಿ, ಬಿದಿರಿನ ಚಾಪೆಯ ಮೇಲೆ ವಾರಗಟ್ಟಲೆ ಒಣಗಿಸಿದ ಮೇಲೆ ಅದನ್ನು 64 ಕಿಲೋ ಮೂಟೆಯ ಲೆಕ್ಕದಲ್ಲಿ, ಮಂಡಳಿಯಿಂದ ಪರವಾನಗಿ ಪಡೆದ ಖರೀದಿದಾರರಿಗೆ ಕೊಡಬೇಕು. ದರವನ್ನು ಹಂಗಾಮಿನ ಆರಂಭದಲ್ಲಿ ಸರ್ಕಾರವೇ ನಿಗದಿ ಮಾಡುತ್ತದೆ. ರಫ್ತು ದರದ ಶೇ 70ರಷ್ಟಾದರೂ ರೈತನಿಗೆ ಸಿಗಬೇಕೆಂಬುದು ಸರ್ಕಾರ ಹೇಳಿಕೊಂಡು ಬಂದಿರುವ ಗುರಿ.

ಇದರಲ್ಲಿ ಅನ್ಯಾಯವೇನೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಆದರೆ ಯಾವ ರಫ್ತು ದರದ ಶೇ 70 ಎಂಬುದನ್ನು ಕೇಳಬೇಕು. ಮಂಡಳಿಯು ಮುಂದಿನ ಹಂಗಾಮಿನ ಬೆಳೆಯ ಬಹುಪಾಲನ್ನು ಒಂದು ವರ್ಷ ಮೊದಲೇ, ಅಂದಿನ ದರಕ್ಕೆ, ಅಂತರರಾಷ್ಟ್ರೀಯ ವ್ಯಾಪಾರಿಗಳಿಗೆ ಮುಂಗಡವಾಗಿ ಮಾರಿಬಿಡುತ್ತಿತ್ತು. 2023-24ರ ಹಂಗಾಮಿನ ಬೀಜ ಹೀಗೆ ಮಾರಾಟವಾದದ್ದು ಟನ್ನಿಗೆ ಸುಮಾರು 2,600 ಡಾಲರಿನಂತೆ. ಅದರ ಶೇ 70 ಎಂದರೆ 1,820 ಡಾಲರ್. 2023ರ ಸೆಪ್ಟೆಂಬರಿನಲ್ಲಿ ಘಾನಾ ಸರ್ಕಾರ ಘೋಷಿಸಿದ ಟನ್ನಿಗೆ 20,943 ಸೆಡಿ (ಘಾನಾದ ನಾಣ್ಯ) ದರ, ಅಂದಿನ ವಿನಿಮಯದಲ್ಲಿ, ಹೆಚ್ಚು ಕಡಿಮೆ ಇಷ್ಟೇ ಆಗುತ್ತದೆ. ಮೂಟೆಗೆ 1,308 ಸೆಡಿ. ಸರ್ಕಾರ ಮಾತಿಗೆ ತಪ್ಪಲಿಲ್ಲ. ಆದರೆ ಆ ಮಾತು ಹಿಂದಿನ ವರ್ಷದ ಬೆಲೆಗೆ ಕಟ್ಟಿಬಿದ್ದಿತ್ತು. 2024ರ ಏಪ್ರಿಲ್‌ನಲ್ಲಿ ದರವನ್ನು 33,120 ಸೆಡಿಗೆ ಏರಿಸಿದಾಗಲೂ ಅದು ಸುಮಾರು 2,500 ಡಾಲರ್ ಮಾತ್ರ ಆಯಿತು, ಅತ್ತ ನ್ಯೂಯಾರ್ಕಿನಲ್ಲಿ ದರ 10,000 ಡಾಲರ್ ಆಸುಪಾಸಿನಲ್ಲಿತ್ತು.

ಮುಂದಿನ ವರ್ಷದ ಕತೆ ಇನ್ನೂ ವಿಚಿತ್ರ. ಬೆಳೆ ಕೈಕೊಟ್ಟಿದ್ದರಿಂದ ಮಂಡಳಿಗೆ ಒಪ್ಪಂದದ ಪ್ರಕಾರ ಬೀಜ ಪೂರೈಸಲು ಆಗಲಿಲ್ಲ. 3 ಲಕ್ಷ ಟನ್ನಿಗೂ ಹೆಚ್ಚಿನ ಬಾಕಿ 2024-25ರ ಹಂಗಾಮಿಗೆ ಮುಂದೂಡಲ್ಪಟ್ಟಿತು, ಅದೂ ಹಳೆಯ 2,600 ಡಾಲರ್ ದರದಲ್ಲಿಯೇ. ಅಷ್ಟರಲ್ಲಿ ರೈತರ ಒತ್ತಡಕ್ಕೆ ಮಣಿದು, ನೆರೆದೇಶಗಳಿಗೆ ಕಳ್ಳಸಾಗಣೆಯಾಗುವುದನ್ನು ತಡೆಯಲೆಂದು, ಸರ್ಕಾರ ಖರೀದಿ ದರವನ್ನು 48,000 ಸೆಡಿಗೆ, ಎಂದರೆ ಸುಮಾರು 3,000 ಡಾಲರಿಗೆ ಏರಿಸಿತ್ತು. ರೈತನಿಗೆ 3,000 ಕೊಟ್ಟು ಕೊಂಡ ಬೀಜವನ್ನು ವಿದೇಶಿ ವ್ಯಾಪಾರಿಗೆ 2,600ಕ್ಕೆ ಕೊಡಬೇಕಾದ ಸ್ಥಿತಿ. ಜಗತ್ತಿನ ಮಾರುಕಟ್ಟೆಯಲ್ಲಿ ದರ ಇತಿಹಾಸದಲ್ಲೇ ಗರಿಷ್ಠ ಮಟ್ಟದಲ್ಲಿದ್ದಾಗ, ಆ ಬಾಕಿಯ ಪ್ರತಿಯೊಂದು ಟನ್ನಿನ ಮೇಲೂ ಮಂಡಳಿಗೆ ನಷ್ಟ.

ಮುಂಗಡ ಮಾರುವುದೇಕೆ?

ಇಷ್ಟೆಲ್ಲ ತೊಂದರೆ ಇದ್ದ ಮೇಲೆ ಮುಂಗಡ ಮಾರಾಟವನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುವುದು ಸಹಜ. ಉತ್ತರ ಸಾಲದಲ್ಲಿದೆ. ರೈತರಿಂದ ಬೀಜ ಕೊಳ್ಳಲು ಮಂಡಳಿಯ ಬಳಿ ನಗದು ಇರಬೇಕು. 1990ರ ದಶಕದ ಆರಂಭದಿಂದ ಮಂಡಳಿಯು ಪ್ರತಿ ವರ್ಷ ವಿದೇಶಿ ಬ್ಯಾಂಕುಗಳ ಒಕ್ಕೂಟದಿಂದ ಡಾಲರಿನಲ್ಲಿ ಸಾಲ ಎತ್ತುತ್ತಿತ್ತು. 2020-21ರಲ್ಲಿ ಆ ಮೊತ್ತ 130 ಕೋಟಿ ಡಾಲರ್. ಬ್ಯಾಂಕುಗಳು ಸಾಲಕ್ಕೆ ಭದ್ರತೆ ಕೇಳುತ್ತವೆ, ಮತ್ತು ಮುಂಗಡ ಮಾರಾಟದ ಒಪ್ಪಂದಗಳೇ ಆ ಭದ್ರತೆ. ಮಾರದಿದ್ದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಖರೀದಿಯಿಲ್ಲ.

ಈ ಡಾಲರುಗಳು ಕೊಕ್ಕೊ ಖರೀದಿಗೆ ಮಾತ್ರವಲ್ಲ, ದೇಶದ ವಿದೇಶಿ ವಿನಿಮಯ ಸಂಗ್ರಹಕ್ಕೂ ಆಧಾರವಾಗಿದ್ದವು. ಇಂಧನ, ಔಷಧಿ, ಯಂತ್ರಗಳನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಡಾಲರ್ ಬರುವುದು ಚಿನ್ನ, ತೈಲ ಮತ್ತು ಕೊಕ್ಕೊದಿಂದ. 2022ರ ಡಿಸೆಂಬರಿನಲ್ಲಿ ಘಾನಾ ತನ್ನ ವಿದೇಶಿ ಸಾಲಗಳಲ್ಲಿ ಹೆಚ್ಚಿನವುಗಳ ಮರುಪಾವತಿಯನ್ನು ನಿಲ್ಲಿಸಿತು. ಆ ತಿಂಗಳು ಹಣದುಬ್ಬರ ಶೇ 50ನ್ನು ಮೀರಿತ್ತು. 2023ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು 300 ಕೋಟಿ ಡಾಲರಿನ ನೆರವಿಗೆ ಒಪ್ಪಿಗೆ ಕೊಟ್ಟಿತು. ಇಂಥ ಸ್ಥಿತಿಯಲ್ಲಿರುವವರಿಗೆ ಒಳ್ಳೆಯ ಬೆಲೆಗಾಗಿ ಕಾಯುವ ಸ್ವಾತಂತ್ರ್ಯ ಇರುವುದಿಲ್ಲ. ಮದುವೆ ಖರ್ಚಿಗೆ ಫಸಲನ್ನು ಮರದಲ್ಲಿರುವಾಗಲೇ ವ್ಯಾಪಾರಿಗೆ ಬರೆದುಕೊಟ್ಟ ತೋಟಗಾರನಿಗೂ ಘಾನಾದ ಸರ್ಕಾರಕ್ಕೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಇಳುವರಿ ಕುಸಿದದ್ದಕ್ಕೂ ಬಡತನಕ್ಕೂ ಸಂಬಂಧವಿದೆ. 2020-21ರಲ್ಲಿ 10 ಲಕ್ಷ ಟನ್ ದಾಟಿದ್ದ ಘಾನಾದ ಉತ್ಪಾದನೆ ಮೂರು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅಕಾಲಿಕ ಮಳೆ ಮತ್ತು ಒಣಹವೆ ಒಂದು ಕಾರಣ. ರೆಂಬೆಗಳು ಊದಿಕೊಂಡು ಮರ ಸಾಯುವ ವೈರಸ್ ರೋಗ ಇನ್ನೊಂದು. ಆ ರೋಗಕ್ಕೆ ಔಷಧಿಯಿಲ್ಲ, ಸೋಂಕು ತಗುಲಿದ ಮರಗಳನ್ನು ಕಡಿದು ಹೊಸ ಸಸಿ ನೆಡಬೇಕು, ಮತ್ತು ಹೊಸ ಸಸಿ ಫಲ ಕೊಡಲು ಮೂರರಿಂದ ಐದು ವರ್ಷ ಬೇಕು. ಅಷ್ಟು ವರ್ಷ ಆದಾಯವಿಲ್ಲದೆ ಇರಲು ಶಕ್ತಿ ಇರುವ ರೈತ ಕಡಿಮೆ. ಹಾಗಾಗಿ ಹಳೆಯ, ರೋಗ ಹಿಡಿದ ಮರಗಳನ್ನೇ ಉಳಿಸಿಕೊಂಡವರು ಅನೇಕರು. ಇನ್ನು ಕೆಲವರು ತೋಟವನ್ನೇ ಅಕ್ರಮ ಚಿನ್ನದ ಗಣಿಗಾರಿಕೆಗೆ ಬಿಟ್ಟುಕೊಟ್ಟರು. ವರ್ಷಗಟ್ಟಲೆ ಕಡಿಮೆ ದರ ಸಿಕ್ಕಿದ್ದರಿಂದ ಮರಕ್ಕೆ ಗೊಬ್ಬರ ಬೀಳಲಿಲ್ಲ, ಗೊಬ್ಬರವಿಲ್ಲದ್ದರಿಂದ ಇಳುವರಿ ಬಿತ್ತು, ಇಳುವರಿ ಬಿದ್ದದ್ದರಿಂದ ಜಗತ್ತಿನಲ್ಲಿ ದರ ಏರಿತು, ಏರಿದ ದರಕ್ಕೆ ಮಾರಲು ಬೀಜವಿರಲಿಲ್ಲ.

ಈ ವ್ಯವಸ್ಥೆ ಬಂದದ್ದು ಎಲ್ಲಿಂದ?

ಕೊಕ್ಕೊ ಆಫ್ರಿಕಾದ ಮೂಲ ಬೆಳೆಯಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ, ಮುದ್ರಣಾಲಯ ತೆರೆದ ಅದೇ ಬಾಸೆಲ್ ಮಿಷನ್, 19ನೇ ಶತಮಾನದ ನಡುವೆ ಅಂದಿನ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಕೊಕ್ಕೊ ಸಸಿ ಬೆಳೆಸುವ ಪ್ರಯೋಗ ಮಾಡಿತ್ತು. ಘಾನಾದವರು ಮಾತ್ರ ಅದರ ಶ್ರೇಯವನ್ನು 1879ರಲ್ಲಿ ಫರ್ನಾಂಡೋ ಪೋ ದ್ವೀಪದಿಂದ ಬೀಜ ತಂದ ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರನಿಗೆ ಕೊಡುತ್ತಾರೆ. ಅದೇನೇ ಇರಲಿ, 1911ರ ವೇಳೆಗೆ ಗೋಲ್ಡ್ ಕೋಸ್ಟ್ ಜಗತ್ತಿನ ಅತಿ ದೊಡ್ಡ ಕೊಕ್ಕೊ ರಫ್ತುದಾರನಾಯಿತು. ಅದನ್ನು ಸಾಧಿಸಿದ್ದು ಬಿಳಿಯರ ಪ್ಲಾಂಟೇಷನ್‌ಗಳಲ್ಲ, ಸ್ಥಳೀಯ ಸಣ್ಣ ಹಿಡುವಳಿದಾರರು. ಬಡ ದೇಶಗಳ ಜನರಲ್ಲಿ ಉದ್ಯಮಶೀಲತೆಯಿಲ್ಲ ಎಂಬ ಹಳೆಯ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಬೆಳೆಯನ್ನು ಹಡಗಿಗೆ ಹತ್ತಿಸುವ ವ್ಯಾಪಾರ ಕೆಲವೇ ಯುರೋಪಿಯನ್ ಕಂಪನಿಗಳ ಕೈಯಲ್ಲಿತ್ತು. 1937ರಲ್ಲಿ ಅವು ಪರಸ್ಪರ ಪೈಪೋಟಿ ಮಾಡದೆ ಖರೀದಿಸುವ ಒಪ್ಪಂದಕ್ಕೆ ಬಂದಾಗ, ರೈತರೂ ಸ್ಥಳೀಯ ಮುಖಂಡರೂ ಸೇರಿ 1938ರವರೆಗೆ ತಿಂಗಳುಗಟ್ಟಲೆ ಬೀಜವನ್ನು ಮಾರದೆ ತಡೆಹಿಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವೇ ಇಡೀ ಬೆಳೆಯ ಖರೀದಿಯನ್ನು ಕೈಗೆತ್ತಿಕೊಂಡಿತು, 1947ರಲ್ಲಿ ಅದು ಶಾಶ್ವತ ಮಂಡಳಿಯ ರೂಪ ಪಡೆಯಿತು. ಒಳ್ಳೆಯ ವರ್ಷಗಳಲ್ಲಿ ಉಳಿಸಿಟ್ಟು ಕೆಟ್ಟ ವರ್ಷಗಳಲ್ಲಿ ರೈತನನ್ನು ಕಾಪಾಡುವುದು ಅದರ ಘೋಷಿತ ಉದ್ದೇಶ. ಮಂಡಳಿ ಉಳಿಸಿದ್ದು ನಿಜ, ಆದರೆ ಉಳಿತಾಯದ ದೊಡ್ಡ ಪಾಲು ರೈತನ ಬಳಿ ಹಿಂದಿರುಗಲಿಲ್ಲ. 1957ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಕ್ವಾಮೆ ಎನ್‌ಕ್ರುಮಾ ಅವರ ಸರ್ಕಾರ ಕೈಗಾರಿಕೀಕರಣಕ್ಕೆ ಬೇಕಾದ ಹಣವನ್ನು ಇದೇ ಮೂಲದಿಂದ ಎತ್ತಿತು. 1965ರಲ್ಲಿ ಜಾಗತಿಕ ದರ ನೆಲಕಚ್ಚಿತು. ಮರು ವರ್ಷ ಸರ್ಕಾರವೇ ಉರುಳಿತು.

ತಪ್ಪು ಒಳಗಿನದೋ, ಹೊರಗಿನದೋ?

ಒಂದು ಪಕ್ಷದ ವಾದ ಹೀಗಿದೆ: ಬಡತನಕ್ಕೆ ಕಾರಣ ದೇಶದೊಳಗಿನ ಆಡಳಿತ. ಇದಕ್ಕೆ ಗಟ್ಟಿ ಪುರಾವೆಯಿದೆ. 1964-65ರಲ್ಲಿ ಐದೂವರೆ ಲಕ್ಷ ಟನ್ನಿಗಿಂತ ಹೆಚ್ಚು ಕೊಕ್ಕೊ ಬೆಳೆದಿದ್ದ ಘಾನಾ, 1983-84ರಲ್ಲಿ ಬೆಳೆದದ್ದು 1.6 ಲಕ್ಷ ಟನ್ ಮಾತ್ರ. ಆ ವರ್ಷ ಬರಗಾಲ, ಕಾಡ್ಗಿಚ್ಚುಗಳಿದ್ದವು, ಒಪ್ಪೋಣ. ಆದರೆ ಅದಕ್ಕೂ ಮೊದಲೇ ಸರ್ಕಾರಗಳು ಸೆಡಿಯ ವಿನಿಮಯ ದರವನ್ನು ಕೃತಕವಾಗಿ ಮೇಲೆ ಹಿಡಿದಿಟ್ಟು, ರೈತನಿಗೆ ಬರುವ ನಿಜ ಬೆಲೆಯನ್ನು ಹಿಂಡಿ ಹಿಪ್ಪೆ ಮಾಡಿದ್ದವು. ಬೀಜ ಗಡಿ ದಾಟಿ ಐವರಿ ಕೋಸ್ಟಿಗೆ ಹೋಗುತ್ತಿತ್ತು. ಖರೀದಿಯನ್ನು ಮುಕ್ತಗೊಳಿಸಿದ ಕ್ಯಾಮರೂನಿನಲ್ಲಿ 2024ರಲ್ಲಿ ರೈತರಿಗೆ ಕಿಲೋಗೆ ಅಲ್ಲಿನ ನಾಣ್ಯದಲ್ಲಿ 5,000 ಫ್ರಾಂಕ್‌ಗೂ ಮೀರಿ ದರ ಸಿಕ್ಕಿತು. ಅದೇ ನಾಣ್ಯಮೌಲ್ಯವಿರುವ, ದರ ನಿಗದಿ ಪದ್ಧತಿಯ ಐವರಿ ಕೋಸ್ಟಿನಲ್ಲಿ ಆ ವರ್ಷದ ಏಪ್ರಿಲಿನಲ್ಲಿ ಏರಿಸಿದ ಮೇಲೂ ಸಿಕ್ಕದ್ದು 1,500 ಫ್ರಾಂಕ್.

ಇನ್ನೊಂದು ಪಕ್ಷ ಜಾಗತಿಕ ವ್ಯಾಪಾರದ ರಚನೆಯನ್ನೇ ದೂರುತ್ತದೆ. ಕಚ್ಚಾ ವಸ್ತು ಮಾರುವವರ ಬೆಲೆ, ಕಾರ್ಖಾನೆಯ ಸರಕು ಮಾರುವವರ ಬೆಲೆಗೆ ಹೋಲಿಸಿದರೆ ದೀರ್ಘಾವಧಿಯಲ್ಲಿ ಇಳಿಯುತ್ತಲೇ ಹೋಗುತ್ತದೆ ಎಂದು ಹಾನ್ಸ್ ಸಿಂಗರ್ ಮತ್ತು ಅರ್ಜೆಂಟೀನಾದ ರಾವುಲ್ ಪ್ರೆಬಿಷ್ ಎಂಬ ಅರ್ಥಶಾಸ್ತ್ರಜ್ಞರು 1950ರ ಸುಮಾರಿನಲ್ಲಿ ವಾದಿಸಿದ್ದರು. ಚಾಕಲೇಟಿನ ಅಂಗಡಿ ಬೆಲೆಯಲ್ಲಿ ರೈತನಿಗೆ ಸೇರುವುದು ಸುಮಾರು ಶೇ 6 ಎಂಬ ಅಂದಾಜು ಈ ವಾದಕ್ಕೆ ಪೂರಕ. ಬೀಜ ಅರೆಯುವ ವ್ಯಾಪಾರದ ದೊಡ್ಡ ಭಾಗ ಬೆರಳೆಣಿಕೆಯ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಕೇಂದ್ರೀಕರಿಸಿದೆ. ಬೆಳೆಯುವ ದೇಶಗಳು ತಿರುಗಿ ನಿಲ್ಲಲು ಯತ್ನಿಸಿಲ್ಲವೆಂದಲ್ಲ. 1980ರ ದಶಕದ ಕೊನೆಯಲ್ಲಿ ಐವರಿ ಕೋಸ್ಟಿನ ಅಧ್ಯಕ್ಷ ಹೂಫೇ ಬ್ವಾನ್ಯಿ ಕಡಿಮೆ ದರಕ್ಕೆ ರಫ್ತು ಮಾಡುವುದಿಲ್ಲವೆಂದು ಪಟ್ಟು ಹಿಡಿದರು. ಆದರೆ ಆಗ ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಹೊಸ ತೋಟಗಳು ಫಲ ಬಿಡುತ್ತಿದ್ದವು, ಕೊಳ್ಳುವವರ ಗೋದಾಮುಗಳು ತುಂಬಿದ್ದವು. 1989ರಲ್ಲಿ ರೈತರ ದರವನ್ನು ಕಿಲೋಗೆ 400 ಫ್ರಾಂಕ್‌ನಿಂದ 200ಕ್ಕೆ ಇಳಿಸಬೇಕಾಯಿತು. 2019ರಲ್ಲಿ ಎರಡೂ ದೇಶಗಳು ಸೇರಿ ಟನ್ನಿಗೆ 400 ಡಾಲರಿನ ಹೆಚ್ಚುವರಿ ಮೊತ್ತವನ್ನು ಘೋಷಿಸಿದವು. ಕೊಳ್ಳುವವರು ಅದನ್ನು ಒಂದು ಕೈಯಲ್ಲಿ ಕೊಟ್ಟು, ಗುಣಮಟ್ಟ ಮತ್ತು ಮೂಲದ ಹೆಸರಿನಲ್ಲಿ ಸಿಗುತ್ತಿದ್ದ ಹಳೆಯ ಪ್ರೀಮಿಯಂ ಅನ್ನು ಇಳಿಸಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು.

ಎರಡೂ ವಾದಗಳು ನಿಜ, ಆದರೆ ಎರಡನ್ನೂ ಬಿಡಿಬಿಡಿಯಾಗಿ ಹಿಡಿದುಕೊಂಡರೆ ಮೂಟೆಯ ಲೆಕ್ಕ ತಾಳೆಯಾಗುವುದಿಲ್ಲ. ಮಂಡಳಿಯ ದುರಾಡಳಿತವೇ ಎಲ್ಲಕ್ಕೂ ಕಾರಣವಾಗಿದ್ದರೆ, ಮುಕ್ತ ಮಾರುಕಟ್ಟೆಯ ಕ್ಯಾಮರೂನಿನ ರೈತ ಬಡತನದಿಂದ ಹೊರಬಂದಿರಬೇಕಿತ್ತು. ಅವನಿಗೆ ಏರಿಕೆಯ ಲಾಭ ಪೂರ್ತಿ ಸಿಕ್ಕಿದ ಹಾಗೆಯೇ ಇಳಿಕೆಯ ಪೆಟ್ಟೂ ಪೂರ್ತಿ ಬೀಳುತ್ತದೆ. ಕಡಿಮೆ ಬೆಲೆಯೊಂದೇ ಕಾರಣವಾಗಿದ್ದರೆ 12,000 ಡಾಲರ್ ದರ ಘಾನಾದ ಸಾಲ ತೀರಿಸಬೇಕಿತ್ತು. ಇಲ್ಲಿ ನಿರ್ಣಾಯಕವಾಗುವುದು ಬೆಲೆ ಎಷ್ಟು ಎಂಬುದಕ್ಕಿಂತ, ಬೆಲೆಯ ಏರಿಳಿತದ ಅಪಾಯವನ್ನು ಯಾರು ಹೊರುತ್ತಾರೆ ಎಂಬುದು. ಶ್ರೀಮಂತ ದೇಶದ ಚಾಕಲೇಟ್ ಕಂಪನಿ ವಾಯಿದಾ ಮಾರುಕಟ್ಟೆಯಲ್ಲಿ ತನ್ನ ದರವನ್ನು ಭದ್ರಪಡಿಸಿಕೊಳ್ಳುತ್ತದೆ, ಹಾಗೂ ಹೆಚ್ಚಿದ ವೆಚ್ಚವನ್ನು ಗ್ರಾಹಕನಿಗೆ ದಾಟಿಸುತ್ತದೆ. ಅದಕ್ಕೂ ಆಗದಿದ್ದರೆ ಕೊಕ್ಕೊ ಬೆಣ್ಣೆಯ ಬದಲು ಬೇರೆ ಎಣ್ಣೆ ಬಳಸಿ ಪಾಕವನ್ನೇ ಬದಲಿಸುತ್ತದೆ. ಸಾಲದಲ್ಲಿರುವ, ಒಂದೆರಡೇ ಸರಕು ಮಾರುವ ದೇಶಕ್ಕೆ ಇಂಥ ಯಾವ ದಾರಿಯೂ ಇಲ್ಲ. ಅದರ ರೈತನಿಗಂತೂ ಇಲ್ಲವೇ ಇಲ್ಲ.

ಚಾಕಲೇಟನ್ನೇ ಮಾಡಬಾರದೇ?

ಬೀಜ ಮಾರುವ ಬದಲು ಚಾಕಲೇಟ್ ಮಾರಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಒಂದು ಕೊಕ್ಕೊ ಮರವೂ ಬೆಳೆಯದ ಸ್ವಿಟ್ಜರ್ಲೆಂಡಿನ ತಲಾ ಆದಾಯ 2024ರಲ್ಲಿ ವರ್ಷಕ್ಕೆ ಒಂದು ಲಕ್ಷ ಡಾಲರ್ ಆಸುಪಾಸಿನಲ್ಲಿದ್ದರೆ ಘಾನಾದ್ದು 2,400 ಡಾಲರ್ ಆಸುಪಾಸಿನಲ್ಲಿತ್ತು ಎಂಬ ಹೋಲಿಕೆಯೂ ಜೊತೆಗೇ ಬರುತ್ತದೆ. ಯುರೋಪ್ ಕಚ್ಚಾ ಬೀಜಕ್ಕೆ ಸುಂಕ ಹಾಕದೆ ಸಂಸ್ಕರಿಸಿದ ಕೊಕ್ಕೊಗೆ ಹಾಕುವುದು ಅಡ್ಡಿ ಎನ್ನುವವರಿದ್ದಾರೆ. ಆದರೆ ಘಾನಾ ಮತ್ತು ಐವರಿ ಕೋಸ್ಟಿಗೆ ಪ್ರತ್ಯೇಕ ಒಪ್ಪಂದಗಳ ಮೂಲಕ ಆ ಸುಂಕದಿಂದ ವಿನಾಯಿತಿ ಇದೆ. ಅರೆಯುವ ಕೆಲಸದಲ್ಲಿ ಐವರಿ ಕೋಸ್ಟ್ ಈಗಾಗಲೇ ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿ ಅರೆಯುವ ದೊಡ್ಡ ಕಾರ್ಖಾನೆಗಳು ಬಹುಮಟ್ಟಿಗೆ ಬಹುರಾಷ್ಟ್ರೀಯ ಕಂಪನಿಗಳವು, ಅರೆದದ್ದರಲ್ಲಿ ಸಿಗುವ ಲಾಭವೂ ತೆಳು. ಹೆಚ್ಚು ಹಣ ಇರುವುದು ಬ್ರಾಂಡ್ ಮತ್ತು ಮಾರಾಟ ಜಾಲದಲ್ಲಿ. ಚಾಕಲೇಟಿಗೆ ಹಾಲಿನ ಪುಡಿ, ಸಕ್ಕರೆ, ಅಡಚಣೆಯಿಲ್ಲದ ವಿದ್ಯುತ್, ಶೀತಲ ಸಾಗಣೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹತ್ತಿರದಲ್ಲಿ ಕೊಳ್ಳುವವರು ಬೇಕು.

ಇದು ಅಸಾಧ್ಯವಲ್ಲ ಎನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆಯಿದೆ. 1970ರ ದಶಕದಲ್ಲಿ ಅಡಿಕೆ ತೋಟದ ಉಪಬೆಳೆಯಾಗಿ ಕೊಕ್ಕೊ ಹಬ್ಬಿತು. 1979-80ರಲ್ಲಿ ಜಾಗತಿಕ ದರ ಕುಸಿದಾಗ ಖಾಸಗಿ ಖರೀದಿ ಹಿಂದೆಗೆಯಿತು, ಹಣ್ಣು ಕೇಳುವವರಿಲ್ಲದಂತಾಯಿತು. ಆಗ ಕರ್ನಾಟಕ, ಕೇರಳ ಸರ್ಕಾರಗಳ ಕೋರಿಕೆಯ ಮೇರೆಗೆ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೂ ತೆರೆಯಿತು. ಆದರೆ ಈ ಯಶಸ್ಸಿನ ಷರತ್ತುಗಳನ್ನು ಮರೆಯಬಾರದು. ಕ್ಯಾಂಪ್ಕೊ ಬೆನ್ನಿಗೆ ಆಮದು ಸುಂಕದ ರಕ್ಷಣೆಯಿದ್ದ ಭಾರತದಷ್ಟು ದೊಡ್ಡ ಮಾರುಕಟ್ಟೆ ಇತ್ತು, ಹಾಗೂ ಕೊಕ್ಕೊ ಕೈಕೊಟ್ಟರೆ ಬೆಳೆಗಾರನಿಗೆ ಅಡಿಕೆ, ಕಾಳುಮೆಣಸು ಇದ್ದವು. ಘಾನಾದ ಆಶಾಂಟಿ ಪ್ರದೇಶದ ರೈತನಿಗೆ ಕೊಕ್ಕೊವೇ ಅಡಿಕೆ, ಕೊಕ್ಕೊವೇ ಕಾಳುಮೆಣಸು.

ಮುಂದೇನು?

ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಪರಿಷ್ಕರಿಸಿತು. ಆ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 80 ಕೋಟಿ ಜನ ಅದಕ್ಕಿಂತ ಕೆಳಗಿದ್ದಾರೆ, ಅವರಲ್ಲಿ ಬಹುಪಾಲು ಸಹಾರಾದ ದಕ್ಷಿಣದ ಆಫ್ರಿಕಾದವರು. ಕಾಫಿಯ ಇಥಿಯೋಪಿಯಾ, ತಾಮ್ರದ ಜಾಂಬಿಯಾಗಳ ಕತೆಯ ವಿವರಗಳು ಬೇರೆ, ಆದರೆ ಒಂದೆರಡು ಸರಕಿನ ಮೇಲಿನ ಅವಲಂಬನೆ ಮತ್ತು ಡಾಲರ್ ಸಾಲ ಅಲ್ಲಿಯೂ ಒಟ್ಟಿಗೇ ಇವೆ.

ಘಾನಾ 2024-25ರ ಹಂಗಾಮಿಗೆ ವಿದೇಶಿ ಬ್ಯಾಂಕುಗಳ ಸಾಮೂಹಿಕ ಸಾಲ ಎತ್ತುವ ಮೂರು ದಶಕಗಳ ಪದ್ಧತಿಯನ್ನು ಕೈಬಿಟ್ಟಿತು. ಇದು ಸ್ವಾವಲಂಬನೆಯ ಹೆಜ್ಜೆಯಂತೆ ಕಂಡರೂ, ಆ ನಗದಿನ ಜಾಗವನ್ನು ತುಂಬಬೇಕಾದವರು ಖರೀದಿ ವ್ಯಾಪಾರಿಗಳು. ಮಾರುಕಟ್ಟೆ ಏರುತ್ತಿರುವಾಗ ಅವರು ಮುಂಗಡ ಹಣ ಕೊಡಲು ಮುಂದೆ ಬರುತ್ತಾರೆ, ಇಳಿಯುವಾಗ ಹಿಂದೆ ಸರಿಯುತ್ತಾರೆ. 2025-26ರಲ್ಲಿ ನಡೆದದ್ದು ಇದೇ: ದರ ಚೆನ್ನಾಗಿದ್ದಾಗ ನಿಗದಿಯಾದ ಖರೀದಿ ದರ ಕೆಲವೇ ತಿಂಗಳಲ್ಲಿ ಮಾರುಕಟ್ಟೆಗಿಂತ ದುಬಾರಿಯಾಯಿತು, ವ್ಯಾಪಾರಿಗಳು ಕೊಳ್ಳಲು ಹಿಂಜರಿದರು, ಕೊಟ್ಟ ಬೀಜಕ್ಕೆ ದುಡ್ಡು ಬರುವುದು ತಡವಾಯಿತು, ಕೊನೆಗೆ ಹಂಗಾಮಿನ ನಡುವೆಯೇ ಘಾನಾ ಸರ್ಕಾರ ರೈತರ ದರವನ್ನು ಕಡಿತಗೊಳಿಸಿತು. ಏರಿಕೆಯ ವರ್ಷದಲ್ಲಿ ಹಳೆಯ ಒಪ್ಪಂದವನ್ನು ಮುರಿಯಲಾಗದೆಂದು ಹೇಳಿಸಿಕೊಂಡ ರೈತನಿಗೆ, ಇಳಿಕೆಯ ವರ್ಷದಲ್ಲಿ ತನಗೆ ಕೊಟ್ಟ ಮಾತನ್ನು ಮುರಿಯಬಹುದೆಂಬುದು ಅರಿವಾಯಿತು.

ಇದೇ ಹೊತ್ತಿಗೆ ದಕ್ಷಿಣ ಅಮೆರಿಕದ ಈಕ್ವೆಡಾರ್ ಉತ್ಪಾದನೆಯಲ್ಲಿ ಘಾನಾಕ್ಕೆ ಸರಿಸಾಟಿಯಾಗಿ ನಿಂತಿದೆ. 2024ರ ದರ ನೋಡಿ ಅಲ್ಲಿ ಮತ್ತು ಬೇರೆಡೆ ನೆಟ್ಟ ಸಸಿಗಳು ಫಲಕ್ಕೆ ಬರುವುದು 2027, 2028ರ ಹೊತ್ತಿಗೆ. ಕೊಕ್ಕೊ ತೋಟಕ್ಕಾಗಿ ಕಾಡು ಕಡಿದಿಲ್ಲವೆಂದು ಪ್ರತಿ ಮೂಟೆಗೂ ಪುರಾವೆ ಕೇಳುವ ಐರೋಪ್ಯ ಒಕ್ಕೂಟದ ನಿಯಮವೂ, ಎರಡು ಬಾರಿ ಮುಂದೂಡಿಕೆಯಾದ ನಂತರ, ಅಷ್ಟರೊಳಗೆ ಜಾರಿಗೆ ಬರಬೇಕಿದೆ. ತೋಟದ ಗಡಿಯನ್ನು ಉಪಗ್ರಹ ನಕ್ಷೆಯಲ್ಲಿ ಗುರುತಿಸುವ ಖರ್ಚನ್ನು ಯಾರು ಕೊಡಬೇಕೆಂಬ ಚೌಕಾಸಿಯಲ್ಲಿ, ಮಾರಲು ಒಂದೇ ಬೆಳೆ ಇರುವವರು ಮತ್ತೆ ದುರ್ಬಲ ಬದಿಯಲ್ಲಿಯೇ ಕೂತಿರುತ್ತಾರೆ.